ಸೋಸಿದ ನೀರು, ಸುರಿದ ಎಣ್ಣೆ

ಜೈನ ಮನೆಯ ಅಡುಗೆಕೋಣೆಯಲ್ಲಿ ನೀರು ಸೋಸುವ ಬಟ್ಟೆಗೆ ಒಂದು ಗೌರವದ ಸ್ಥಾನವಿದೆ. ಅದು ದಪ್ಪ ಬಟ್ಟೆಯಾಗಿರಬೇಕು, ಇಮ್ಮಡಿಯಾಗಿ ಮಡಿಸಿರಬೇಕು, ಕೊಡದ ಬಾಯಿಗಿಂತ ಅಗಲವಾಗಿರಬೇಕು. ಸೋಸಿದ ಬಳಿಕ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯಿಂದ ನೀರು ಸೇದಲಾಯಿತೋ ಅದೇ ಬಾವಿಗೆ ಮೆಲ್ಲನೆ ಇಳಿಬಿಡಬೇಕು. ಒಂದು ಬಾವಿಯ ಜೀವವನ್ನು ಇನ್ನೊಂದು ಬಾವಿಯಲ್ಲಿ ಸುರಿಯುವುದೂ ಹಿಂಸೆಯೇ ಎಂದು ಹಿರಿಯರು ತಿಳಿದಿದ್ದರು. ನಲ್ಲಿ ಬಂತು, ಗೋಡೆಗೆ ತೂಗುಹಾಕುವ ಯಂತ್ರ ಬಂತು. ಆದರೂ ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಾದರೂ ಆ ಬಟ್ಟೆ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ. ಬರಲಿ, ಅದು ಒಳ್ಳೆಯದೇ.

ಅಂಥದೊಂದು ಮನೆಯ ಯಜಮಾನರಿಗೆ ಮಚ್ಛೆಯ ಕೈಗಾರಿಕಾ ವಸಾಹತುವಿನಲ್ಲಿ ಒಂದು ವರ್ಕ್‌ಶಾಪ್ ಇದೆ ಎಂದು ಭಾವಿಸಬಹುದು. ನಾಲ್ಕು ಲೇಥು, ಎರಡು ಸಿಎನ್‌ಸಿ ಯಂತ್ರ, ಒಂದು ಹೈಡ್ರಾಲಿಕ್ ಪ್ರೆಸ್, ಹದಿನೈದು ಜನ ಕೆಲಸಗಾರರು. ಯಂತ್ರದ ಗೇರುಗಳಿಗೆ ಒಂದು ಎಣ್ಣೆ, ಪ್ರೆಸ್ಸಿಗೆ ಇನ್ನೊಂದು, ಲೋಹ ಕೊರೆಯುವಾಗ ಸುರಿಯುವ ಹಾಲಿನಂಥ ಕೂಲಂಟ್ ಮತ್ತೊಂದು. ಇವು ಒಂದಲ್ಲ ಒಂದು ದಿನ ಕರ್ರಗಾಗುತ್ತವೆ, ನಾತ ಹೊಡೆಯುತ್ತವೆ, ಬದಲಾಯಿಸಲೇಬೇಕಾಗುತ್ತದೆ. ಹೊಸ ಎಣ್ಣೆಯ ಬ್ಯಾರಲ್‌ಗೆ ಬಿಲ್ಲಿದೆ, ದರವಿದೆ, ರಿಯಾಯಿತಿಯ ಚೌಕಾಶಿಯಿದೆ. ಹಳೆಯ ಎಣ್ಣೆ ಎಲ್ಲಿಗೆ ಹೋಯಿತು? ಈ ಒಂದು ಪ್ರಶ್ನೆಗೆ ಯಜಮಾನರ ಬಳಿ ಕಾಗದವಿದೆಯೇ, ಅಥವಾ 'ಭಂಗಾರದವನು ಒಯ್ದ' ಎಂಬ ಮಾತು ಮಾತ್ರ ಇದೆಯೇ? ಬೆಳಗಾವಿಯ ಆಡುಮಾತಿನಲ್ಲಿ ಭಂಗಾರವೆಂದರೆ ಗುಜರಿ. ಕನ್ನಡದ ಬಂಗಾರಕ್ಕೂ ಅದಕ್ಕೂ ಇರುವ ಅಂತರ ಒಂದು ಮಹಾಪ್ರಾಣದಷ್ಟು. ಹಳೆಯ ಎಣ್ಣೆಯ ವ್ಯಾಪಾರದಲ್ಲಿ ಆ ಅಂತರವೂ ಅಳಿಸಿಹೋಗಿದೆ.

ಬೆಳಗಾವಿಯಿಂದ ಖಾನಾಪುರದತ್ತ, ಅಲ್ಲಿಂದ ಗೋವೆಯತ್ತ ಹೋಗುವ ಹೆದ್ದಾರಿಯಲ್ಲಿ ಉದ್ಯಮಬಾಗ, ಪೀರನವಾಡಿ, ಮಚ್ಛೆ ಒಂದಕ್ಕೊಂದು ಅಂಟಿಕೊಂಡಂತಿವೆ. ಬೆಳಗಾವಿಯ ಎರಕದ ಕೆಲಸಕ್ಕೂ ಹೈಡ್ರಾಲಿಕ್ ಸಾಮಗ್ರಿಗೂ ದೇಶದಲ್ಲಿ ಹೆಸರಿದೆ. ಹೈಡ್ರಾಲಿಕ್ ಎಂದರೇ ಎಣ್ಣೆಯ ಒತ್ತಡದಿಂದ ನಡೆಯುವ ವಿದ್ಯೆ. ತಾಂತ್ರಿಕ ಶಿಕ್ಷಣಕ್ಕೆಂದು 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜ್ಞಾನಸಂಗಮವೂ ಮಚ್ಛೆಯಲ್ಲಿಯೇ ಇದೆ. ಸ್ವಲ್ಪ ಮುಂದೆ ದೇಸೂರಿನಲ್ಲಿ ಪೆಟ್ರೋಲು, ಡೀಸೆಲ್ಲುಗಳ ಡಿಪೋ. ರಸ್ತೆಯುದ್ದಕ್ಕೂ ಲಾರಿ ಗ್ಯಾರೇಜುಗಳು. ಹೀಗೆ ಎಣ್ಣೆ ಬರುವ ದಾರಿ, ಬಳಕೆಯಾಗುವ ದಾರಿ, ಅದರ ವಿದ್ಯೆ ಕಲಿಯುವ ದಾರಿ ಎಲ್ಲವೂ ಈ ಹತ್ತಿಪ್ಪತ್ತು ಕಿಲೋಮೀಟರುಗಳಲ್ಲಿ ಸಿಗುತ್ತವೆ. ಅದು ಹೊರಟುಹೋಗುವ ದಾರಿಯ ಮೇಲೆ ಮಾತ್ರ ಯಾರೂ ಫಲಕ ಹಾಕಿಲ್ಲ.

ದೇಶದ ಯಾವ ಕೈಗಾರಿಕಾ ಪ್ರದೇಶವನ್ನು ನೋಡಿದರೂ ಆ ದಾರಿಗಳು ಹೆಚ್ಚುಕಡಿಮೆ ಒಂದೇ. ಒಂದಿಷ್ಟು ಎಣ್ಣೆ ಕಟ್ಟಡದ ಶಟರಿಂಗ್ ಹಲಗೆಗಳಿಗೆ ಬಳಿಯಲು ಹೋಗುತ್ತದೆ. ಒಂದಿಷ್ಟು ಗೆದ್ದಲಿನ ಮದ್ದೆಂದು ಬೇಲಿಯ ಕಂಬಕ್ಕೆ. ಒಂದಿಷ್ಟು ಭಟ್ಟಿಯಲ್ಲಿ ಉರುವಲಾಗಿ ಕಪ್ಪು ಹೊಗೆಯಾಗುತ್ತದೆ. ಒಂದಿಷ್ಟನ್ನು ಬಟ್ಟೆಯಲ್ಲಿ ಸೋಸಿ, ಬಣ್ಣ ತಿಳಿಯಾಗಿಸಿ, ಹೆಸರುವಾಸಿ ಕಂಪನಿಯ ಡಬ್ಬಿಯಲ್ಲಿ ತುಂಬಿ ಮತ್ತೆ ಮಾರುವವರಿದ್ದಾರೆ. ಸೋಸುವ ಬಟ್ಟೆಗೆ ಇಂಥ ಗತಿಯೂ ಉಂಟು. ಉಳಿದದ್ದು ಶೆಡ್ಡಿನ ಹಿಂದಿನ ಮಣ್ಣಿಗೆ, ಗಟಾರಿಗೆ. ಮೊದಲ ಮಳೆಗೆ ನೀರಿನ ಮೇಲೆ ಕಾಮನಬಿಲ್ಲಿನಂತೆ ತೇಲುವ ಬಣ್ಣ ಅದರದ್ದೇ. ನಗರದ ಕೊಳೆಯನ್ನು ಹೊತ್ತು ಶಹಾಪುರ, ವಡಗಾವಿಗಳ ಗದ್ದೆಗಳ ನಡುವೆ ಹರಿಯುವ ಬಳ್ಳಾರಿ ನಾಲೆಯನ್ನು ನೋಡಿದವರಿಗೆ ಗಟಾರಿಗೆ ಬಿದ್ದ ವಸ್ತು ಕೊನೆಗೆ ಯಾರ ಹೊಲ ಸೇರುತ್ತದೆಂದು ವಿವರಿಸಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಜೈನರಲ್ಲಿ ಬಹುಪಾಲು ವ್ಯಾಪಾರಿಗಳಲ್ಲ, ಒಕ್ಕಲುತನದವರು. ಎಣ್ಣೆ ಸುರಿಯುವ ಕೈಯೂ ಆ ನೀರು ಹಾಯಿಸುವ ಕೈಯೂ ಒಂದೇ ಬಸದಿಯಲ್ಲಿ ಗಂಧೋದಕ ಹಚ್ಚಿಕೊಳ್ಳುವ ಕೈಗಳಾಗಿರಬಹುದು.

ಬಳಸಿದ ಎಣ್ಣೆ ಬರಿಯ ಕೊಳಕು ಎಣ್ಣೆಯಲ್ಲ. ಯಂತ್ರದಲ್ಲಿ ತಿರುಗುವಾಗ ಅದು ಸವೆದ ಲೋಹದ ಕಣಗಳನ್ನೂ, ಶಾಖದಿಂದ ಹುಟ್ಟುವ ಕ್ಯಾನ್ಸರ್‌ಕಾರಕ ಸಂಯುಕ್ತಗಳನ್ನೂ ಒಳಗೊಳ್ಳುತ್ತದೆ. ಆದುದರಿಂದಲೇ ಭಾರತದ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವಿದೆ. ಮರುಶುದ್ಧೀಕರಣಕ್ಕೆ ಯೋಗ್ಯವೆನಿಸಬೇಕಾದರೆ ಅದರಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 100 ಭಾಗ ಮೀರಬಾರದು ಎಂಬಷ್ಟು ಕಟ್ಟುನಿಟ್ಟು. ಒಂದು ಗ್ಯಾಲನ್ ಹಳೆಯ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ ತನ್ನ ಜನರಿಗೆ ತಿಳಿಹೇಳುತ್ತ ಬಂದಿದೆ. ಅದೇ ಸಂಸ್ಥೆಯ ಇನ್ನೊಂದು ಲೆಕ್ಕವೂ ಉಂಟು. ನೆಲದಿಂದ ತೆಗೆದ ಕಚ್ಚಾ ತೈಲದಿಂದ ಎರಡೂವರೆ ಕ್ವಾರ್ಟ್, ಎಂದರೆ ಎರಡು ಲೀಟರಿಗಿಂತ ತುಸು ಹೆಚ್ಚು, ಕೀಲೆಣ್ಣೆ ಪಡೆಯಲು 42 ಗ್ಯಾಲನ್ ಬೇಕು. ಬಳಸಿದ ಎಣ್ಣೆಯನ್ನೇ ಮರುಶುದ್ಧಗೊಳಿಸಿದರೆ ಒಂದು ಗ್ಯಾಲನ್ ಸಾಕು. ಕಚ್ಚಾ ತೈಲದ ಅಗತ್ಯದಲ್ಲಿ ಶೇಕಡಾ 85ಕ್ಕೂ ಹೆಚ್ಚನ್ನು ಹೊರದೇಶಗಳಿಂದ ತರುವ ಭಾರತಕ್ಕೆ ಈ ಲೆಕ್ಕ ಎಷ್ಟು ದೊಡ್ಡದೆಂದು ವ್ಯಾಪಾರ ಬಲ್ಲ ಸಮಾಜಕ್ಕೆ ಬಿಡಿಸಿ ಹೇಳುವ ಅಗತ್ಯವಿಲ್ಲ. ಗಟಾರಿಗೆ ಹೋದ ಎಣ್ಣೆಯೆಂದರೆ ಕೆಟ್ಟ ನೀರು ಮಾತ್ರವಲ್ಲ, ಮತ್ತೊಮ್ಮೆ ಅಗೆಯಬೇಕಾದ ನೆಲವೂ ಹೌದು.

ಈ ಮಾತೆತ್ತಿದಾಗ ಸಮಾಜದ ವಿದ್ಯಾವಂತರಿಂದ ಬರುವ ಮೊದಲ ಉತ್ತರ ಶಾಸ್ತ್ರದ್ದು. ಹಿಂಸೆ ನಾಲ್ಕು ಬಗೆ: ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕು. ಉಳಿದ ಮೂರು ಸಂಸಾರದಲ್ಲಿ ತಪ್ಪದವು. ಕಾರ್ಖಾನೆಯ ಹೊಗೆ, ಎಣ್ಣೆ, ಕೊಳೆ ಇವೆಲ್ಲ ಉದ್ಯೋಗೀ ಹಿಂಸೆಗೆ ಸೇರಿದವು, ಆದುದರಿಂದ ಕ್ಷಮ್ಯ. ಹೀಗೆ ಎರಡು ವಾಕ್ಯಗಳಲ್ಲಿ ವ್ಯಾಜ್ಯ ತೀರಿಹೋಗುತ್ತದೆ.

ಆದರೆ ಈ ವಿಭಾಗವನ್ನು ಮಾಡಿದವರು ಉದ್ದಿಮೆದಾರನಿಗೆ ರಹದಾರಿ ಬರೆದುಕೊಡಲು ಕುಳಿತವರಲ್ಲ. ಉದ್ಯೋಗೀ ಹಿಂಸೆಯೆಂದರೆ ನ್ಯಾಯವಾದ ಜೀವನೋಪಾಯವನ್ನು ಎಚ್ಚರದಿಂದ ನಡೆಸಿದರೂ ತಪ್ಪಿಸಲಾಗದೆ ಉಳಿಯುವ ಹಿಂಸೆ. ತಪ್ಪಿಸಲು ಸಾಧ್ಯವಿದ್ದದ್ದನ್ನು ತಪ್ಪಿಸದಿದ್ದರೆ ಅದು ಆ ಕೋಣೆಯಿಂದ ಹೊರಬಿದ್ದು ಬೇರೆ ಕೋಣೆಗೆ ಸೇರುತ್ತದೆ. ಆ ಕೋಣೆಗೂ ಹೆಸರಿದೆ: ಅನರ್ಥದಂಡ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳಿ, ಅವುಗಳಲ್ಲೊಂದಾದ ಪ್ರಮಾದಚರ್ಯೆಯನ್ನು ವಿವರಿಸುವಾಗ ಭೂಮಿ, ನೀರು, ಬೆಂಕಿ, ಗಾಳಿಗಳನ್ನು ಪ್ರಯೋಜನವಿಲ್ಲದೆ ಕೆದಕುವುದನ್ನೂ ಗಿಡವನ್ನು ವ್ಯರ್ಥವಾಗಿ ಕಡಿಯುವುದನ್ನೂ ಎತ್ತಿ ಹೇಳಿದ್ದಾರೆ. ಲೇಥು ತಿರುಗಲು ಎಣ್ಣೆ ಬೇಕು, ಅದು ಪ್ರಯೋಜನ. ಆ ಎಣ್ಣೆ ಮಣ್ಣಿಗೆ ಹೋಗುವುದರಿಂದ ಲೇಥಿಗೆ ಏನು ಪ್ರಯೋಜನ? ಮುಚ್ಚಳವಿರುವ ಬ್ಯಾರಲ್, ಅದರ ಕೆಳಗೆ ಒಂದು ಸಿಮೆಂಟಿನ ಕಟ್ಟೆ, ಮೇಲೊಂದು ತಗಡಿನ ಮಾಡು, ನೋಂದಾಯಿತ ಮರುಶುದ್ಧೀಕರಣ ಘಟಕಕ್ಕೆ ಒಂದು ಫೋನು. ಇಷ್ಟರಿಂದ ತಪ್ಪುವ ಹಿಂಸೆಯನ್ನು ತಪ್ಪಿಸಲಾಗದ ಹಿಂಸೆಯೆಂದು ಯಾವ ಆಚಾರ್ಯರ ಮುಂದೆ ನಿಂತು ಹೇಳುವುದು? ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಪ್ರಮಾದವನ್ನೇ ಹಿಂಸೆಯ ಬೇರೆಂದು ಗುರುತಿಸಿದರು. ಪ್ರಮಾದಿಯ ಕೈಯಿಂದ ಜೀವ ಸತ್ತರೂ ಸಾಯದಿದ್ದರೂ ಹಿಂಸೆ ನಡೆದೇ ತೀರಿತು ಎಂಬಷ್ಟು ನಿಷ್ಠುರ ಅವರು. ಗೃಹಸ್ಥನು ಏಕೇಂದ್ರಿಯ ಜೀವಿಗಳನ್ನು ಅಗತ್ಯಕ್ಕೆ ಮೀರಿ ಘಾಸಿಗೊಳಿಸಬಾರದೆಂಬ ಕಟ್ಟಳೆಯೂ ಅದೇ ಗ್ರಂಥದ್ದು.

ಇಲ್ಲಿ ಮುನಿಧರ್ಮದ ಒಂದು ನೆನಪು ಅಪ್ರಸ್ತುತವಲ್ಲ. ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ; ಪ್ರತಿಷ್ಠಾಪನಾ ಸಮಿತಿಯೆಂದೂ ಅದಕ್ಕೆ ಹೆಸರು. ನಡೆಯುವುದು, ನುಡಿಯುವುದು, ಉಣ್ಣುವುದು, ವಸ್ತುವನ್ನು ಎತ್ತಿಡುವುದು, ಇವಾದ ಮೇಲೆ ದೇಹದ ಮಲವನ್ನು ಎಲ್ಲಿ ವಿಸರ್ಜಿಸಬೇಕು ಎಂಬುದಕ್ಕೂ ಒಂದು ವ್ರತ. ನೆಲ ನೋಡಿ, ಜೀವಿಗಳಿಲ್ಲವೆಂದು ಖಾತ್ರಿ ಮಾಡಿಕೊಂಡು, ಪಿಂಛಿಯಿಂದ ಒರೆಸಿ. ಲೋಕದ ಎಷ್ಟು ನೀತಿಶಾಸ್ತ್ರಗಳು ಬಿಸುಡುವ ಕ್ರಿಯೆಗೆ ಇಷ್ಟು ಸ್ಥಾನ ಕೊಟ್ಟಿವೆಯೋ ತಿಳಿದವರು ಹೇಳಬೇಕು. ತ್ಯಾಜ್ಯ ನಿರ್ವಹಣೆಯೆಂದು ಈಚಿನ ದಶಕಗಳಲ್ಲಿ ವಿದೇಶಗಳಿಂದ ಕಲಿಯಲು ಹೊರಟ ಪಾಠ ಬಸದಿಯ ಜಗಲಿಯಲ್ಲಿಯೇ ಇತ್ತು. ಮುನಿಗಳು ವಿಹಾರಕ್ಕೆ ಬಂದಾಗ ಶ್ರಾವಕರು ಅವರಿಗೆಂದು ಶುದ್ಧ ಭೂಮಿಯನ್ನು ಹುಡುಕಿ ತೋರಿಸುತ್ತಾರೆ, ಮರುದಿನ ಕಾರ್ಖಾನೆಗೆ ಹೋಗಿ ಶೆಡ್ಡಿನ ಹಿಂಬದಿಯ ಭೂಮಿಯನ್ನು ಮರೆಯುತ್ತಾರೆ.

ಯಂತ್ರ ನಡೆಸುವುದೇ ಪಾಪ, ಜೈನನು ಕಾರ್ಖಾನೆಗೆ ಕಾಲಿಡಬಾರದು ಎಂಬ ವಾದ ಇಲ್ಲಿಲ್ಲ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ಬರುವ ಹದಿನೈದು ಕರ್ಮಾದಾನಗಳಲ್ಲಿ ಯಂತ್ರದಿಂದ ಹಿಂಡುವುದು, ನೆಲ ಒಡೆಯುವುದು, ವಿಷದ ವ್ಯಾಪಾರ, ಕೆರೆ ಬತ್ತಿಸುವುದು, ಕಾಡಿಗೆ ಬೆಂಕಿಯಿಡುವುದು ಎಲ್ಲವೂ ಇವೆ. ದಿಗಂಬರ ಪರಂಪರೆಯ ಆಶಾಧರರು ಸಾಗಾರಧರ್ಮಾಮೃತದಲ್ಲಿ ಇಂಥ ಖರಕರ್ಮಗಳ ಚರ್ಚೆ ಮಾಡಿದ್ದಾರೆ. ಅಕ್ಷರಶಃ ಹಿಡಿದರೆ ಗಾಣದವನೂ ಉಳಿಯಲಾರ. ಖಾನಾಪುರ, ಬೆಳಗಾವಿಗಳ ಹಳ್ಳಿಗಳಿಂದ ಬೆಳಗ್ಗೆ ಬಸ್ಸು ಹಿಡಿದು ಬರುವ ಸಾವಿರಾರು ಹುಡುಗರ ಅನ್ನ ಈ ಶೆಡ್ಡುಗಳಲ್ಲಿದೆ, ಅದನ್ನು ಕಸಿಯುವ ಮಾತು ಧರ್ಮವಾಗಲಾರದು. ಪಟ್ಟಿ ಮಾಡಿದವರ ಕಾಳಜಿ ಯಾವುದರ ಮೇಲಿತ್ತೆಂಬುದನ್ನು ಮಾತ್ರ ಮರೆಯಬಾರದು. ಕಸುಬಿನ ಲಾಭವನ್ನು ಲೆಕ್ಕ ಹಾಕುವ ಮೊದಲು ಕಸುಬು ಯಾವ ಜೀವದ ಮೇಲೆ ಕಾಲಿಟ್ಟು ನಿಂತಿದೆಯೆಂದು ಅವರು ನೋಡಿದರು.

ಎರಡನೆಯ ಉತ್ತರ ವ್ಯವಹಾರದ್ದು. ತೈಲದ ಪಾಪ ದೊಡ್ಡ ಕಂಪನಿಗಳದ್ದು, ಇಪ್ಪತ್ತು ಲೀಟರು ಸುರಿದವನನ್ನು ಹಿಡಿದು ಕೇಳುವುದೇಕೆ? ದೊಡ್ಡವರ ಲೆಕ್ಕ ಭಯಂಕರವೇ ಹೌದು. ನೈಜೀರಿಯದ ಒಗೊನಿ ನಾಡಿನಲ್ಲಿ ದಶಕಗಳ ಕಾಲ ತೈಲ ಸೋರಿತು. ಅದನ್ನು ಪ್ರತಿಭಟಿಸಿದ ಲೇಖಕ ಕೆನ್ ಸಾರೊ-ವಿವಾ ಅವರನ್ನು ಅಲ್ಲಿನ ಸೈನಿಕ ಸರಕಾರ 1995ರ ನವೆಂಬರ್ 10ರಂದು ಗಲ್ಲಿಗೇರಿಸಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2011ರಲ್ಲಿ ಕೊಟ್ಟ ವರದಿಯ ಪ್ರಕಾರ ಆ ನೆಲ, ನೀರುಗಳನ್ನು ಸರಿಪಡಿಸಲು 25ರಿಂದ 30 ವರ್ಷ ಬೇಕು. ಒಂದೂರಿನ ಜನ ಕುಡಿಯುತ್ತಿದ್ದ ಬಾವಿಗಳಲ್ಲಿ ಬೆಂಜೀನ್ ಎಂಬ ಕ್ಯಾನ್ಸರ್‌ಕಾರಕ ವಸ್ತು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಮಿತಿಗಿಂತ 900 ಪಟ್ಟು ಹೆಚ್ಚಿತ್ತು. ಆ ಬಾವಿಯ ನೀರನ್ನು ಯಾವ ಬಟ್ಟೆಯಲ್ಲಿ ಸೋಸುವುದು?

ದೂರ ಹೋಗಬೇಕೆಂದೂ ಇಲ್ಲ. ಅಸ್ಸಾಮಿನ ಬಾಘಜಾನದಲ್ಲಿ ಸರಕಾರಿ ಸ್ವಾಮ್ಯದ ಆಯಿಲ್ ಇಂಡಿಯಾ ಕಂಪನಿಯ ಅನಿಲ ಬಾವಿ 2020ರ ಮೇ 27ರಂದು ಸಿಡಿದು, ಜೂನಿನಲ್ಲಿ ಹೊತ್ತಿಕೊಂಡು, ಅಗ್ನಿಶಾಮಕ ಸಿಬ್ಬಂದಿ ಇಬ್ಬರು ಸತ್ತರು. ಪಕ್ಕದ ಮಾಗುರಿ-ಮೋಟಾಪುಂಗ್ ಜೌಗಿನ ಮೀನು, ಹಕ್ಕಿಗಳ ಎಣಿಕೆ ಇಟ್ಟವರಿಲ್ಲ. ಕರ್ನಾಟಕದ್ದೇ ಆದ ಮಂಗಳೂರಿನ ತೈಲಾಗಾರ 1988ರಲ್ಲಿ ಸ್ಥಾಪನೆಯಾಗಿ 2003ರಲ್ಲಿ ಓಎನ್‌ಜಿಸಿಯ ಕೈಗೆ ಬಂತು. ಅದರ ವಿಸ್ತರಣೆಯ ಮೂರನೆಯ ಹಂತದಲ್ಲಿ ಬಂದ ಕೋಕ್ ಮತ್ತು ಗಂಧಕ ಘಟಕದಿಂದ ಮನೆ, ಬಾವಿ, ಉಸಿರು ಕೆಟ್ಟವೆಂದು ಜೋಕಟ್ಟೆಯ ನಿವಾಸಿಗಳು ವರ್ಷಗಟ್ಟಲೆ ಬೀದಿಗಿಳಿದರು. 2025ರ ಜುಲೈನಲ್ಲಿ ಅದೇ ಆವರಣದಲ್ಲಿ ವಿಷಾನಿಲ ಸೋರಿ ಇಬ್ಬರು ಕೆಲಸಗಾರರು ಪ್ರಾಣ ಕಳೆದುಕೊಂಡರು. ತೈಲೋದ್ಯಮ ಸುಧಾರಿಸಿದ್ದುಂಟು, 2020ರ ಏಪ್ರಿಲ್ 1ರಿಂದ ದೇಶದ ಪೆಟ್ರೋಲು, ಡೀಸೆಲ್ಲುಗಳಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು, ನಗರಗಳ ಗಾಳಿಗೆ ಅದರಿಂದ ಉಪಕಾರವಾಯಿತು. ಆದರೆ ಅದು ಆದದ್ದು ಕಾನೂನಿನಿಂದ. ಯಾವ ಕಂಪನಿಯೂ ಒಂದು ಮುಂಜಾವು ಎದ್ದು ತಾನಾಗಿ ಮಾಡಲಿಲ್ಲ.

ಈ ದೊಡ್ಡ ಪಾಪಗಳು ಸಣ್ಣವನನ್ನು ಹೇಗೆ ಬಿಡುಗಡೆ ಮಾಡುತ್ತವೆ? ಅಮೆರಿಕದ ಮಿಸೌರಿ ರಾಜ್ಯದಲ್ಲಿ ನಡೆದ ಘಟನೆಯ ನಾಯಕ ದೊಡ್ಡ ತೈಲ ಕಂಪನಿಯಲ್ಲ. ಗ್ಯಾರೇಜುಗಳಿಂದ ಹಳೆಯ ಎಣ್ಣೆಯನ್ನು ಕೊಂಡು, ಧೂಳಡಗಿಸಲೆಂದು ಮಣ್ಣಿನ ರಸ್ತೆಗಳಿಗೆ ಚಿಮುಕಿಸುವ ಒಬ್ಬ ಗುತ್ತಿಗೆದಾರ. ಎಪ್ಪತ್ತರ ದಶಕದ ಆರಂಭದಲ್ಲಿ ಅವನು ಒಂದು ರಾಸಾಯನಿಕ ಕಾರ್ಖಾನೆಯ ತ್ಯಾಜ್ಯವನ್ನೂ ಅದೇ ಎಣ್ಣೆಯಲ್ಲಿ ಬೆರೆಸಿ ಸಾಗಿಸಿದ. ಅದರಲ್ಲಿ ಡಯಾಕ್ಸಿನ್ ಎಂಬ ಘೋರ ವಿಷವಿತ್ತು. 1971ರಲ್ಲಿ ಒಂದು ಕುದುರೆ ಲಾಯದ ಅಂಗಳಕ್ಕೆ ಅದನ್ನು ಚಿಮುಕಿಸಿದ ಕೆಲವೇ ದಿನಗಳಲ್ಲಿ ಮೇಲಿನಿಂದ ಗುಬ್ಬಚ್ಚಿಗಳು ಸತ್ತು ಬಿದ್ದವು, ಬೆಕ್ಕು ನಾಯಿಗಳು ಸತ್ತವು, ಆಮೇಲೆ ಒಂದೊಂದಾಗಿ ಡಜನುಗಟ್ಟಲೆ ಕುದುರೆಗಳು. ಅದೇ ಎಣ್ಣೆಯ ಗುತ್ತಿಗೆ ಪಡೆದ ಟೈಮ್ಸ್ ಬೀಚ್ ಎಂಬ ಊರನ್ನು ಸರಕಾರ 1983ರಲ್ಲಿ ಪೂರ್ತಿಯಾಗಿ ಕೊಂಡು ಖಾಲಿ ಮಾಡಿಸಿತು. ಸುಮಾರು ಎರಡು ಸಾವಿರ ಜನರಿದ್ದ ಊರು ನಕ್ಷೆಯಿಂದ ಹೋಯಿತು. ಹಳೆಯ ಎಣ್ಣೆಗೆ ಏನನ್ನು ಬೆರೆಸಿದರೂ ಕಣ್ಣಿಗೆ ಕಾಣದು, ಅದು ಮೊದಲೇ ಕಪ್ಪು. ಬ್ಯಾರಲ್ಲನ್ನು ಕೈಬದಲಾಯಿಸಿದ ಗ್ಯಾರೇಜಿನವರು ಒಬ್ಬೊಬ್ಬರೂ ಅವನು ಒಯ್ದ, ನಮಗೇನು, ಎಂದೇ ಹೇಳಿರಬೇಕು.

ಭಾರತಕ್ಕೂ ಇಂಥ ಪಾಠ ಆಗಿದೆ. ಕೀಲೆಣ್ಣೆಯ ಹೆಸರಿನಲ್ಲಿ ಮುಂಬಯಿಯ ನ್ಹಾವಾ ಶೇವಾ ಬಂದರಿಗೆ ಬಂದಿಳಿದ 133 ಕಂಟೈನರುಗಳಲ್ಲಿ ಇದ್ದದ್ದು ಅಪಾಯಕಾರಿ ತ್ಯಾಜ್ಯ ಎಣ್ಣೆ. ಸುಪ್ರೀಂ ಕೋರ್ಟು 2005ರ ಜನವರಿಯಲ್ಲಿ ಅದನ್ನು ಆಮದುದಾರರ ಖರ್ಚಿನಲ್ಲಿಯೇ ಸುಟ್ಟು ನಾಶಮಾಡಲು ಆಜ್ಞಾಪಿಸಿತು. ಕೆಡಿಸಿದವನೇ ತೆರಬೇಕೆಂಬ ತತ್ವವನ್ನೂ ಮುಂಜಾಗ್ರತೆಯ ತತ್ವವನ್ನೂ ಅದೇ ನ್ಯಾಯಾಲಯ 1996ರಲ್ಲಿ ವೆಲ್ಲೂರಿನ ಚರ್ಮದ ಕಾರ್ಖಾನೆಗಳ ಪ್ರಕರಣದಲ್ಲಿ ದೇಶದ ಕಾನೂನಿನ ಭಾಗವೆಂದು ಘೋಷಿಸಿತ್ತು. ಸುಸ್ಥಿರ ಅಭಿವೃದ್ಧಿ ಎಂಬ ಮಾತು 1987ರ ಬ್ರುಂಟ್‌ಲ್ಯಾಂಡ್ ವರದಿಯಿಂದ ಲೋಕಕ್ಕೆಲ್ಲ ಹರಡಿತು. ಮುಂದಿನ ಪೀಳಿಗೆಯ ಅಗತ್ಯಕ್ಕೆ ಧಕ್ಕೆ ತರದೆ ಇಂದಿನ ಅಗತ್ಯ ಪೂರೈಸಿಕೊಳ್ಳುವುದು ಎಂದು ಅದರ ಸಾರ. ಪರಿಗ್ರಹ ಪರಿಮಾಣದ ಅಣುವ್ರತ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಅಗತ್ಯವೆಂದರೇನು, ಎಷ್ಟಕ್ಕೆ ಸಾಕೆನ್ನಬೇಕು ಎಂಬುದನ್ನು ಅದು ಮೊದಲು ಕೇಳುತ್ತದೆ. ವರದಿಗಳು ಆ ಪ್ರಶ್ನೆಯನ್ನು ಮೆಲ್ಲನೆ ದಾಟಿ ಹೋಗುತ್ತವೆ, ತೈಲ ಕಂಪನಿಗಳ ವಾರ್ಷಿಕ ಪುಸ್ತಿಕೆಗಳಂತೂ ಹಸಿರು ಬಣ್ಣದ ಪುಟದಲ್ಲಿ ದಾಟುತ್ತವೆ.

ಅಚೌರ್ಯವ್ರತದ ಮಾತೂ ಇಲ್ಲಿ ಬರಬೇಕು, ಚಿಕ್ಕದಾಗಿಯಾದರೂ. ತತ್ವಾರ್ಥಸೂತ್ರದಲ್ಲಿ ಆ ವ್ರತದ ಐದು ಅತಿಚಾರಗಳನ್ನು ಎಣಿಸಿದ್ದಾರೆ: ಕಳ್ಳನನ್ನು ಪ್ರೇರಿಸುವುದು, ಕದ್ದ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರುವುದು, ಅಳತೆ ತೂಕದಲ್ಲಿ ಹೆಚ್ಚುಕಡಿಮೆ ಮಾಡುವುದು, ಕಲಬೆರಕೆಯ ವಸ್ತುವನ್ನು ಅಸಲಿಯೆಂದು ಮಾರುವುದು. ಪೆಟ್ರೋಲ್ ಬಂಕು, ಎಣ್ಣೆಯಂಗಡಿ, ಗ್ಯಾರೇಜು ಇರುವವರು ಈ ಐದನ್ನು ಒಂದು ಹಾಳೆಯಲ್ಲಿ ಬರೆದು ಗಲ್ಲೆಯ ಮೇಲೆ ಅಂಟಿಸಿಕೊಳ್ಳಬಹುದು. ಇಂಧನ ವ್ಯಾಪಾರದ ಇಡೀ ಅಪರಾಧಶಾಸ್ತ್ರ ಅಲ್ಲಿದೆ. ಅನುಮತಿಯಿಲ್ಲದವನಿಗೆ ಹಳೆಯ ಎಣ್ಣೆ ಕೊಡುವುದು ರಾಜ್ಯದ ಕಟ್ಟಳೆ ಮೀರಿದ್ದು. ಅದು ತಿಳಿಯಾಗಿ, ಡಬ್ಬಿ ಸೇರಿ, ಇನ್ನೊಬ್ಬ ರೈತನ ಟ್ರ್ಯಾಕ್ಟರಿನ ಎಂಜಿನು ತಿನ್ನಲು ಬಂದರೆ ಐದನೆಯ ಅತಿಚಾರವೂ ಪೂರ್ಣವಾಯಿತು. ಮಾಡಿದ್ದು ಮಾತ್ರವಲ್ಲ, ಮಾಡಿಸಿದ್ದು, ಅನುಮೋದಿಸಿದ್ದೂ ಆಸ್ರವಕ್ಕೆ ಕಾರಣ. ಕೃತ, ಕಾರಿತ, ಅನುಮತ ಎಂಬ ಈ ಮೂರನ್ನು ಜಪಮಾಲೆಯ 108 ಮಣಿಗಳ ಲೆಕ್ಕದಲ್ಲಿ ಪೋಣಿಸಿ ಮಕ್ಕಳಿಗೂ ಕಲಿಸುತ್ತಾರೆ.

ಇನ್ನು ಮೂರನೆಯ ಉತ್ತರ. ಅದನ್ನು ಬಾಯಲ್ಲಿ ಯಾರೂ ಹೇಳುವುದಿಲ್ಲ, ಪಂಚಕಲ್ಯಾಣದ ಸವಾಲಿನಲ್ಲಿ ಹೇಳುತ್ತಾರೆ. ಸಂಪಾದನೆಯಲ್ಲಿ ಆದ ದೋಷ ದಾನದಲ್ಲಿ ತೊಳೆಯುತ್ತದೆ ಎಂಬ ಮೌನ ಒಪ್ಪಂದ ಅದು. 2013ರ ಕಂಪನಿ ಕಾಯ್ದೆಯ 135ನೆಯ ಕಲಮು ಇದಕ್ಕೊಂದು ಆಧುನಿಕ ರೂಪ ಕೊಟ್ಟಿತು. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ ಅಥವಾ 1000 ಕೋಟಿ ವಹಿವಾಟು ಅಥವಾ 5 ಕೋಟಿ ಲಾಭವಿರುವ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ನ್ನು ಸಮಾಜಕಾರ್ಯಕ್ಕೆ ವೆಚ್ಚಮಾಡಬೇಕು. ಶಾಲೆಗೆ ಬೆಂಚು, ಆಸ್ಪತ್ರೆಗೆ ಯಂತ್ರ, ಊರಿಗೆ ಶೌಚಾಲಯ. ಇವು ಬೇಡವೆನ್ನುವವರಿಲ್ಲ. ಆದರೆ ಎರಡು ಪಾಲಿನ ವೆಚ್ಚಕ್ಕೆ ಫಲಕ, ಫೋಟೋ, ವರದಿ. ಉಳಿದ ತೊಂಬತ್ತೆಂಟು ಹೇಗೆ ಬಂತೆಂಬುದಕ್ಕೆ ಮೌನ. ಹೊಣೆ ಎಂಬ ಪದವನ್ನು ಹೀಗೆ ಕೊಡುಗೆ ಎಂಬ ಅರ್ಥಕ್ಕೆ ಇಳಿಸಿದ್ದು ಉದ್ಯಮ ಜಗತ್ತಿನ ಜಾಣತನ, ಆ ಜಾಣತನಕ್ಕೆ ಧರ್ಮಸಂಸ್ಥೆಗಳು ಒಪ್ಪಿಗೆಯ ಮುದ್ರೆ ಒತ್ತಿದ್ದು ದುರದೃಷ್ಟ.

ಜೈನ ಶಾಸ್ತ್ರ ಈ ಕ್ರಮವನ್ನು ತಲೆಕೆಳಗಾಗಿ ನೋಡುತ್ತದೆ. ಆಶಾಧರರು ಶ್ರಾವಕನ ಲಕ್ಷಣಗಳನ್ನು ಹೇಳತೊಡಗಿದಾಗ ಮೊಟ್ಟಮೊದಲು ಇಟ್ಟದ್ದು ನ್ಯಾಯದಿಂದ ಗಳಿಸಿದ ಧನವನ್ನು. ಪೂಜೆ, ದಾನ, ತೀರ್ಥಯಾತ್ರೆ ಎಲ್ಲ ಆಮೇಲೆ. ನ್ಯಾಯೋಪಾತ್ತ ಧನವಿಲ್ಲದಿದ್ದರೆ ದಾನಕ್ಕೆ ತಳಹದಿಯೇ ಇಲ್ಲ. ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಯನ್ನು ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದನು. ಅಂದಿನ ದಾನಶಾಸನಗಳಲ್ಲಿ ಭೂಮಿಯ ಎಲ್ಲೆಗಳನ್ನು ಕಲ್ಲು, ಹಳ್ಳ, ಮರ ಹೇಳಿ ಗುರುತಿಸುವ ಪದ್ಧತಿಯಿತ್ತು. ಕೊಟ್ಟದ್ದು ಎಲ್ಲಿಯದು, ಯಾವುದರಿಂದ ಬಂದದ್ದು ಎಂದು ಕಲ್ಲಿನಲ್ಲಿ ಬರೆಯುತ್ತಿದ್ದರು. ಈಗಿನ ರಸೀತಿ ಪುಸ್ತಕದಲ್ಲಿ ಹೆಸರಿದೆ, ಮೊತ್ತವಿದೆ, ಮೂಲದ ಕಾಲಂ ಇಲ್ಲ.

ಟ್ರಸ್ಟುಗಳು ತಾವೇನು ಮಾಡಬಲ್ಲೆವು ಎಂದು ಕೇಳುವುದು ಸಹಜ, ಅವು ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲ. ಆದರೆ ಬಸದಿಯ ಜಾಗವನ್ನು ಗ್ಯಾರೇಜಿಗೆ, ಗೋದಾಮಿಗೆ ಬಾಡಿಗೆ ಕೊಡುವಾಗ ಕರಾರುಪತ್ರದಲ್ಲಿ ಒಂದು ಸಾಲು ಸೇರಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಸಮುದಾಯ ಭವನದ ಜನರೇಟರಿನ ಹಳೆಯ ಎಣ್ಣೆ ಎಲ್ಲಿಗೆ ಹೋಗುತ್ತಿದೆಯೆಂದು ಆಡಳಿತ ಮಂಡಳಿ ಮೊದಲು ತನ್ನನ್ನೇ ಕೇಳಿಕೊಳ್ಳಬೇಕು, ಉತ್ತರ ಮುಜುಗರದ್ದಾಗಿರುವ ಸಂಭವವೇ ಹೆಚ್ಚು. ದೊಡ್ಡ ದಾನಿಯನ್ನು ವೇದಿಕೆಗೆ ಕರೆಯುವ ಮೊದಲು ಅವರ ಕಾರ್ಖಾನೆಗೆ ಅಪಾಯಕಾರಿ ತ್ಯಾಜ್ಯದ ಅಧಿಕಾರಪತ್ರ ಇದೆಯೇ ಎಂದು ವಿನಯದಿಂದ ವಿಚಾರಿಸಬಹುದು. ದಾನಿ ಮುನಿಸಿಕೊಂಡಾರು. ರಾತ್ರಿ ಊಟ ಬಿಡಲು, ಗೆಡ್ಡೆಗೆಣಸು ಬಿಡಲು ಹೇಳಿದಾಗ ಮುನಿಸಿಕೊಳ್ಳದವರು ಇದಕ್ಕೇಕೆ ಮುನಿಸಿಕೊಳ್ಳಬೇಕು?

ಮಚ್ಛೆಯಲ್ಲಿ ಬೇರೆ ಬಗೆಯ ಉದಾಹರಣೆಗಳೂ ಇವೆಯೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಅಲ್ಲಿನ ಪಾಲಿಹೈಡ್ರಾನ್ ಸಂಸ್ಥೆಯನ್ನು ಕಟ್ಟಿದ ಸುರೇಶ ಹುಂದ್ರೆಯವರು ಲಂಚ ಕೊಡದೆ, ಲೆಕ್ಕ ಮುಚ್ಚಿಡದೆ ಉದ್ಯಮ ನಡೆಸಬಹುದೆಂದು ವಾದಿಸಿದರು, ನಡೆಸಿಯೂ ತೋರಿಸಿದರು. ಹೈಡ್ರಾಲಿಕ್ ಉದ್ಯಮವೇ ಅದು, ಎಣ್ಣೆಯ ಕಸುಬೇ. ಬಳಸಿದ ಮರಳನ್ನು ಮರಳಿ ಬಳಕೆಗೆ ತರುವಂಥ ಸಾಮೂಹಿಕ ಸೌಲಭ್ಯಕ್ಕಾಗಿ ಬೆಳಗಾವಿಯ ಫೌಂಡ್ರಿಗಳು ಕ್ಲಸ್ಟರಾಗಿ ಒಟ್ಟುಗೂಡಿದ್ದೂ ಇದೇ ಊರಿನಲ್ಲಿ. ಸಣ್ಣ ಕಾರ್ಖಾನೆಯ ನಿಜವಾದ ತೊಡಕು ಅಲ್ಲಿಯೇ ಇದೆ: ಒಬ್ಬನ ಬಳಿ ಅರ್ಧ ಬ್ಯಾರಲ್ ಎಣ್ಣೆ ಸೇರುವಷ್ಟರಲ್ಲಿ ತಿಂಗಳು ಕಳೆಯುತ್ತದೆ, ಅಷ್ಟಕ್ಕಾಗಿ ನೋಂದಾಯಿತ ಘಟಕದ ಗಾಡಿ ದೂರದಿಂದ ಬರಲಾರದು, ಗುಜರಿಯವನು ಮಾತ್ರ ಸೈಕಲ್ಲಿನಲ್ಲಿಯೇ ಬಂದು ಕೈಗೆ ಕಾಸು ಕೊಟ್ಟು ಹೋಗುತ್ತಾನೆ. ಮರಳಿಗೆ ಸಾಧ್ಯವಾದ ಒಗ್ಗಟ್ಟು ಎಣ್ಣೆಗೇಕೆ ಸಾಧ್ಯವಾಗಬಾರದು? ನಲವತ್ತು ಶೆಡ್ಡುಗಳಿಗೆ ಒಂದು ಸಂಗ್ರಹದ ಕಟ್ಟೆ, ಒಂದು ದಾಖಲೆ ಪುಸ್ತಕ, ತಿಂಗಳಿಗೊಂದು ಗಾಡಿ. ಉದ್ದಿಮೆದಾರರ ಸಂಘಗಳಲ್ಲಿ ಸಮಾಜದ ಹಿರಿಯರು ಕುಳಿತಿದ್ದಾರೆ, ಮಾತೆತ್ತಿದರೆ ಕೇಳುವವರಿದ್ದಾರೆ.

ಕಾಲವೂ ಅನುಕೂಲವಾಗಿದೆ. 2023ರ ಸೆಪ್ಟೆಂಬರಿನಲ್ಲಿ ಹೊರಬಿದ್ದು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಕೀಲೆಣ್ಣೆ ತಯಾರಿಸುವ ಮತ್ತು ಆಮದು ಮಾಡುವ ಕಂಪನಿಗಳೇ ಬಳಸಿದ ಎಣ್ಣೆಯ ಮರುಬಳಕೆಗೆ ಹೊಣೆ. ಆ ಹೊಣೆ ಮೊದಲ ವರ್ಷ ಶೇಕಡಾ 5ರಿಂದ ಆರಂಭವಾಗಿ ಹಂತಹಂತವಾಗಿ ಏರುತ್ತದೆ. ಎಣ್ಣೆ ಮಾರಿದವನು ಅದರ ಕೊನೆಯವರೆಗೂ ಉತ್ತರದಾಯಿಯೆಂಬ ಈ ತತ್ವಕ್ಕಾಗಿ ಪರಿಸರವಾದಿಗಳು ದಶಕಗಳ ಕಾಲ ಹೋರಾಡಿದ್ದಾರೆ. ಆದರೆ ಕಂಪನಿ ಪ್ರಮಾಣಪತ್ರ ಕೊಂಡು ತನ್ನ ಗುರಿ ಮುಟ್ಟಿದೆನೆಂದು ದಾಖಲಿಸಿದರೂ ಮಚ್ಛೆಯ ಶೆಡ್ಡಿನ ಹಿಂದಿನ ಬ್ಯಾರಲ್ ತಾನಾಗಿ ನಡೆದುಹೋಗದು. ಅದನ್ನು ಮುಚ್ಚಳ ಹಾಕಿ ಇಡುವವನು, ತೂಕ ಬರೆಯುವವನು, ಸರಿಯಾದ ಗಾಡಿಗೆ ಏರಿಸುವವನು ಯಜಮಾನನೇ. ಇಂಥ ತ್ಯಾಜ್ಯವನ್ನು 90 ದಿನಕ್ಕಿಂತ ಹೆಚ್ಚು ಆವರಣದಲ್ಲಿ ಇಟ್ಟುಕೊಳ್ಳಬಾರದೆಂದು 2016ರ ನಿಯಮಗಳು ಹೇಳುತ್ತವೆ. ಸಾಗಿಸುವಾಗ ತುಂಬಬೇಕಾದ ರವಾನೆ ಪತ್ರಕ್ಕೆ ಏಳು ಪ್ರತಿಗಳು, ಒಂದೊಂದಕ್ಕೂ ಒಂದೊಂದು ಬಣ್ಣ. ಕಳಿಸಿದವನ ಬಳಿ ಒಂದು ಉಳಿಯಬೇಕು, ಮುಟ್ಟಿದವನ ಸಹಿಯೊಂದಿಗೆ ಇನ್ನೊಂದು ಮರಳಿ ಬರಬೇಕು. ವರ್ಷದ ಕೊನೆಗೆ ಆಡಿಟರಿಗೆ ಕೊಡುವ ಫೈಲಿನಲ್ಲಿ ಹೊಸ ಎಣ್ಣೆಯ ಬಿಲ್ಲುಗಳ ಪಕ್ಕದಲ್ಲಿ ಆ ಕಾಗದಗಳಿವೆಯೇ ಎಂದು ಮನೆಯವರು, ನೀರು ಸೋಸುವ ಬಟ್ಟೆಯನ್ನು ಪೆಟ್ಟಿಗೆಯಿಂದ ತೆಗೆಯುವ ದಿನ, ಯಜಮಾನರನ್ನು ಕೇಳಬಹುದು.